ಎರಡಿಂಚು

ಒಂಬತ್ತು ಬ್ಲೇಡಿನ ಕಟ್ಟು, ಕಮಾನು ಸತ್ತು
ಚಪ್ಪಟೆ ಮಲಗಿತ್ತು.
ಹೆತ್ತೂರಿನಾಚೆಯ ಒಂದೊಂದು ಕಲ್ಲೂ
ಜೀಪಿನ ಹೊಟ್ಟೆ ಕೆರೆದು ತನ್ನ ರುಜು ಹಾಕಿತ್ತು.
ಕೆಳಗೆ ತೆವಳಿ, ಅಂಗೈಯಲ್ಲಿ ಸವರಿ,
ಪುತ್ತುಬಾವ ಅಂದ:
"ಇದು ಗಾಡಿಯಾ ಮಾರಾಯ, ನೇಗಿಲಾ?"

ಸಕಲೇಶಪುರ, ಸೇತುವೆ ದಾಟಿ ಎಡಕ್ಕೆ, ತಗಡಿನ ಶೆಡ್ಡು.
ಲಾರಿಯಲ್ಲಿ ಬಂದ ಹೊಸ ಸೆಟ್ಟಿಗೆ ಗೋಣಿ ಸುತ್ತಿದೆ.
ಕರಿ ಬಣ್ಣ ಇನ್ನೂ ಬೆರಳಿಗೆ ಅಂಟುತ್ತದೆ.
ನೆಲಕ್ಕಿಟ್ಟರೆ ತೊಟ್ಟಿಲ ಹಾಗೆ ತೂಗಿತು;
ಹುಡುಗ ಸಾಜು ಕಾಲಲ್ಲಿ ಇನ್ನೊಮ್ಮೆ ತೂಗಿ,
ಯಾರಾದರೂ ನೋಡಿದರಾ ಎಂದು ನೋಡಿದ.

ಜಾಕು ಏರಿತು. ಚಾಸಿಗೆ ಹಲಸಿನ ದಿಮ್ಮಿ ಕೊಟ್ಟೆವು.
ಚಕ್ರ ಕಳಚಿದ ಜೀಪು
ಹಲ್ಲುಸೆಟ್ ತೆಗೆದಿಟ್ಟ ಮುಖ.
ಯು ಬೋಲ್ಟಿನ ನಟ್ಟುಗಳು ಹದಿನಾಲ್ಕು ವರ್ಷದ ಕೆಸರು ಕುಡಿದು
ತುಕ್ಕು ಯಾವುದು ಕಬ್ಬಿಣ ಯಾವುದು ಹೇಳುವಂತಿಲ್ಲ.
ಡೀಸೆಲ್ ಹೊಯ್ದು ಕಾದೆವು. ಚಹಾ ಕುಡಿದು ಕಾದೆವು.
ಮತ್ತೆ ಡೀಸೆಲ್.
ಪಾನಕ್ಕೆ ನಾಲ್ಕಡಿ ಪೈಪು ಸಿಕ್ಕಿಸಿ ಇಬ್ಬರೂ ಜೋತಾಗ
ಕಿರ್ರ್ ಎಂದು ಒಂದು ಸದ್ದು.
ಬಿಟ್ಟುಕೊಂಡಿತೋ, ಮುರಿಯಿತೋ,
ಒಂದು ಗಳಿಗೆ ಯಾರೂ ಉಸಿರಾಡಲಿಲ್ಲ.

ಏಳನೆಯದು ಮುರಿದೇ ಹೋಯಿತು. ಪುತ್ತುಬಾವ ಬೈಯಲಿಲ್ಲ.
ತುಂಡನ್ನು ಕಿಸೆಗೆ ಹಾಕಿಕೊಂಡ,
ಯಾಕೆಂದು ನಾನೂ ಕೇಳಲಿಲ್ಲ.

"ಎತ್ತರ ಮಾಡುದು ದೊಡ್ಡದಲ್ಲ" ಅಂದ.
"ಎತ್ತರಕ್ಕೆ ಎಟುಕದ್ದು ಏನೇನುಂಟು, ಅದರ ಲೆಕ್ಕ ಬೇಕು.
ಬ್ರೇಕಿನ ಪೈಪು ನೋಡು, ಈಗಲೇ ಬಿಗಿದುಂಟು.
ಗುಂಡಿಗೆ ಚಕ್ರ ಇಳಿದರೆ ಕಿತ್ತೇ ಬರ್ತದೆ."
ಉದ್ದನೆಯದು ತಂದೆ ಹಾಸನದಿಂದ,
ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು.

ಶಾಕಲ್ ಬೋಲ್ಟಿಗೆ ಸ್ಪಾನರ್ ಹಚ್ಚಿದೆ. ಕೈ ಹಿಡಿದ.
"ಈಗ ಬೆರಳಲ್ಲಿ ತಿರುಗಿಸಿದಷ್ಟೇ ಸಾಕು.
ಗಾಳಿಯಲ್ಲಿ ತೂಗುವಾಗ ಬಿಗಿದರೆ ಬುಷ್ಷು ತಿರುಚ್ತದೆ.
ನೆಲಕ್ಕೆ ಇಳಿಯಲಿ, ತನ್ನ ಭಾರ ತಾನು ಹೊರಲಿ,
ಆಮೇಲೆ ಬಿಗಿ."
ನನ್ನ ಮದುವೆಯಲ್ಲಿ ಯಾರೂ ಹೀಗೆ ಹೇಳಿರಲಿಲ್ಲ.

ಇಳಿಸಿದೆವು. ಟೇಪು ಹಿಡಿದ ಸಾಜು ಕೂಗಿದ: ಎರಡಿಂಚು!
ಮೇಲೊಂದು ನೂಲು.
ಬೇಲಿಯಾಚೆ ಇಣುಕುವ ಹುಡುಗನ ಹಾಗೆ
ಜೀಪು ತುದಿಗಾಲಲ್ಲಿ ನಿಂತಿತ್ತು.

ಮರುದಿನ ಬೆಳಗಿನ ಆರು.
ರಾತ್ರಿ ಮೂರು ಆನೆ ದಾಟಿವೆಯಂತೆ; ತೋಟಕ್ಕೆ ಯಾರೂ ನಡೆಯುವಂತಿಲ್ಲ.
ಲೈನಿನ ಮುಂದೆ ಬುತ್ತಿ ಹಿಡಿದು ನಿಂತಿದ್ದಾರೆ ಹನ್ನೊಂದು ಹೆಂಗಸರು.
ಮುಂದಿನ ಸೀಟು ಬೆಳ್ಳಮ್ಮನದು, ಅದಕ್ಕೆ ಚರ್ಚೆಯಿಲ್ಲ.
ಸೀರೆಯ ನೆರಿಗೆ ಹಿಡಿದು ಕಾಲೆತ್ತಿದಳು. ಎಟುಕಲಿಲ್ಲ.
ಮತ್ತೆ ಎತ್ತಿದಳು.
"ಏನ್ಲಾ, ಒಂದೇ ರಾತ್ರೀಲಿ ನಿನ್ ಜೀಪಿಗೆ ಕೊಬ್ಬು ಬಂದೈತಾ?"
ಎಲ್ಲರೂ ನಕ್ಕರು, ಅವಳೂ ನಕ್ಕಳು,
ಮಂಡಿ ಮಾತ್ರ ನಗಲಿಲ್ಲ.
ಇಬ್ಬರು ಸೇರಿ ಕಾಫಿ ಮೂಟೆಯ ಹಾಗೆ ಎತ್ತಿ ಕೂರಿಸಿದರು.

ದಾರಿಯುದ್ದಕ್ಕೂ ಒಂದು ಕಲ್ಲೂ ತಾಗಲಿಲ್ಲ.
ಆ ಮೌನಕ್ಕೆಂದೇ ಹಣ ಕೂಡಿಟ್ಟವನು ನಾನು.
ಕೇಳಿಸಿದ್ದು ಬೆಳ್ಳಮ್ಮನ ಮೌನ.

ಸಂಜೆ ಮತ್ತೆ ಶೆಡ್ಡಿಗೆ.
ಹಳೆಯ ಬ್ಲೇಡುಗಳ ರಾಶಿ ಒದ್ದು ತೋರಿಸಿ,
ಒಂದನ್ನು ಮೆಟ್ಟಿಲು ಮಾಡಿ ವೆಲ್ಡ್ ಹೊಡಿ ಅಂದೆ.
"ಸ್ಪ್ರಿಂಗಿನ ಉಕ್ಕು ವೆಲ್ಡಿಂಗಿಗೆ ಒಲಿಯುದಿಲ್ಲ, ಬಿರೀತದೆ."
ಎಲ್ಲಕ್ಕಿಂತ ಗಿಡ್ಡನೆಯದನ್ನು ಆರಿಸಿದ, ಕಮಾನು ಪೂರ್ತಿ ಸತ್ತದ್ದು,
ಹಳೆಯ ಯು ಬೋಲ್ಟು ಎರಡು ಚಾಸಿಗೆ ತೂಗಿಹಾಕಿ
ಅದರಲ್ಲಿ ಕೂರಿಸಿದ.
ನಡುವಿನ ತೂತಿನಿಂದ ನೆಲ ಕಾಣುತ್ತಿತ್ತು.

ಈಗ ಕಲ್ಲಿಗೆ ತಾಗುವುದು ಅದೊಂದೇ.
ಮೂರನೇ ತಿರುವಿನಲ್ಲಿ ಠಣ್ ಎಂದಾಗಲೆಲ್ಲ
ಬೆಳ್ಳಮ್ಮ ಹಣೆಗೆ ಕೈ ಹಚ್ಚಿ, "ಮೆಲ್ಲಕ್ ಓಡ್ಸ್ಲಾ,
ಅದು ನಂದು" ಅನ್ನುತ್ತಾಳೆ.

ಇನ್ನೂರು ಕಿಲೋಮೀಟರಿಗೆ ಎಲ್ಲ ನಟ್ಟೂ ಮತ್ತೆ ಬಿಗಿಸು ಅಂದಿದ್ದ.
ನೂರ ತೊಂಬತ್ತಾಗಿದೆ.